ಬರೀ ಹೊಲಿಗೆ

ಅಪ್ಪನ ಕಾಲಕ್ಕೆ ಈ ಸ್ಟುಡಿಯೋದಲ್ಲಿ
ಇದ್ದದ್ದು ಒಂದೇ ಮಾತು: ಅಲ್ಲಾಡಬೇಡಿ.
ಮದುಮಕ್ಕಳಿಗೆ, ಪಾಸ್‌ಪೋರ್ಟಿನವರಿಗೆ,
ಪರೀಕ್ಷೆ ಅರ್ಜಿಗೆ ಬಂದ ಹುಡುಗರಿಗೆ
ಅದನ್ನೇ ಅಂದು ಗುಂಡಿ ಒತ್ತುತ್ತಿದ್ದ.
ಹನ್ನೆರಡು ದಿನದ ಈ ಕೂಸಿಗೆ
ನಾನು ಯಾವ ಭಾಷೆಯಲ್ಲಿ ಹೇಳಲಿ?

ದುರ್ಗಿಗುಡಿಯ ಹಳೇ ಮಹಡಿ. ಪುಷ್ಯದ ಚಳಿ.
ಹೀಟರು ಹಚ್ಚಿ, ಕೋಣೆ ಕಾಯಿತೇ ಎಂದು
ಮೊಣಕೈ ಒಡ್ಡಿ ನೋಡಿ,
ಉಂಗುರ, ಬಳೆ, ಗಡಿಯಾರ ಬಿಚ್ಚಿಟ್ಟು
ಅಂಗೈ ಉಜ್ಜಿಕೊಂಡು ಕಾದಿದ್ದೇನೆ.
ಕೂಸು ಮುಖ ಮುದುರಿ
ಕೆಂಪಾಗಿ, ನೇರಳೆಯಾಗಿ
ದೀಪದ ಸ್ಟ್ಯಾಂಡು ನಡುಗುವ ಹಾಗೆ ಅಳುತ್ತಿದೆ.
ಈ ವಯಸ್ಸಿಗೆ ಇನ್ನೂ ಕಣ್ಣೀರಿಲ್ಲ, ಬರೀ ದನಿ.

ಹಾಲು ಕುಡಿಸಿದರು. ತೇಗಿಸಿದರು.
ಬಟ್ಟೆ ಬದಲಾಯಿಸಿದರು, ಎರಡು ಸಲ.
ಎರಡನೆಯ ಸಲ ನನ್ನ ಬಿಳಿ ಕಂಬಳಿಯದೂ.
ಶ್ ಶ್ ಎಂದೆ. ಬೆಚ್ಚಗೆ ಸುತ್ತಿದೆ.
ಫೋನಿನಲ್ಲಿ ಹಿಡಿದಿಟ್ಟ ಗಾಜನೂರಿನ ನೀರಿನ ಸದ್ದು,
ಹೋದ ತಿಂಗಳು ಮೂರು ಕೂಸು ಮಲಗಿಸಿದ ಸದ್ದು,
ಕೇಳಿಸಿದೆ. ಇದಕ್ಕೆ ತುಂಗೆಯೂ ಲೆಕ್ಕಕ್ಕಿಲ್ಲ.

ಬಾಣಂತಿ ಹೊಸಿಲು ದಾಟಬಾರದೆಂದು
ಗೊಣಗುತ್ತಲೇ ಬಂದ ಅಜ್ಜಿ ಇಟ್ಟ ದೃಷ್ಟಿಬೊಟ್ಟು
ಅವಳ ಸೆರಗಿಗೇ ಉಜ್ಜಿ ಕಿವಿಯವರೆಗೆ ಹರಡಿತ್ತು.
ಮೂಲೆಯ ಸ್ಟೂಲಿನಲ್ಲಿ ಕುಸುಮಾಕ್ಷಿ,
ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ,
ತಪ್ಪು ಮಾಡಿದವಳ ಹಾಗೆ ಕೂತಿದ್ದಳು.
"ಬಿಡಿ ಮೇಡಂ, ನಿಮ್ಮ ಟೈಮು ಹಾಳು"
ಅಂದವಳು ಮತ್ತೆ ತಾನೇ, "ದುಡ್ಡು ನನ್ನದಲ್ಲ.
ಮಾಚೇನಹಳ್ಳಿ ಗಾರ್ಮೆಂಟ್ಸಲ್ಲಿ ನಮ್ಮ ಲೈನಿನವರು
ತಲೆಗೆ ಐವತ್ತು ಹಾಕಿ ಕೊಡಿಸಿದ ಫೋಟೊ.
ಹೀಗೇ ಹೋದರೆ ಏನಂತ ಹೇಳಲಿ?"

ಆಗ ಕೆಳಗೆ ದಸ್ತಗೀರ್ ಮಾಸ್ಟ್ರು
ಊಟ ಮುಗಿಸಿ ಬಂದು ಮಿಶಿನ್ನಿಗೆ ಕೂತರು.
ಹಲಗೆಯ ನೆಲ ಹಾದು ಮೇಲೆ ಬಂತು
ಟರ್ರ್, ಒಂದು ಉಸಿರು ಬಿಟ್ಟು, ಟರ್ರ್.

ಕೂಸು ಬಾಯಿ ತೆರೆದಂತೆಯೇ ನಿಲ್ಲಿಸಿತು,
ಯಾರೋ ಹೆಸರು ಹಿಡಿದು ಕರೆದ ಹಾಗೆ.
ಹೆಸರು ಇನ್ನೂ ಇಟ್ಟಿರಲಿಲ್ಲ.

ಕುಸುಮಾಕ್ಷಿ ಕಿವಿಯ ಹತ್ತಿ ತೆಗೆದು ಕೇಳಿದಳು.
"ಎಂಟು ತಿಂಗಳು ತುಂಬೋವರೆಗೂ ಕೆಲಸಕ್ಕೆ ಹೋದೆ.
ಅರವತ್ತು ಮಿಶಿನ್ನು. ಕಾಲರು ನನ್ನದು.
ಹೊಟ್ಟೆ ಟೇಬಲ್ಲಿಗೆ ತಾಗೋದು."

ದೂರದ ನೆಂಟ ಬಾಗಿಲಲ್ಲಿ ಕೆಮ್ಮಿದರೂ
ಮನೆಯವರಿಗೆ ತಿಳಿಯುತ್ತದಲ್ಲ, ಹಾಗೆ.

ಮಾಸ್ಟ್ರು ದಾರ ಕತ್ತರಿಸಿದರು. ಕೂಸು ಮುಖ ಮುದುರಿತು.
ಎರಡೆರಡು ಮೆಟ್ಟಿಲು ಹಾರಿ ಇಳಿದೆ.
"ಮಾಸ್ಟ್ರೇ, ನಿಲ್ಲಿಸಬೇಡಿ, ಸುಮ್ಮನೆ ತುಳೀತಿರಿ."
"ಬಟ್ಟೆ ಇಲ್ದೆ ತುಳಿದ್ರೆ ದಾರ ಸಿಕ್ಕಾಕ್ಕೊಳ್ಳತ್ತಮ್ಮ.
ಏನು ಹೊಲೀಲಿ?"
"ಏನಾದರೂ."
ನಲವತ್ತು ವರ್ಷದಲ್ಲಿ ಯಾರೂ ಅವರಿಗೆ
ಏನಾದರೂ ಹೊಲಿಯಿರಿ ಅಂದಿರಲಿಲ್ಲ.
ಕನ್ನಡಕ ಏರಿಸಿ ನನ್ನನ್ನೊಮ್ಮೆ ನೋಡಿ
ಲೈನಿಂಗಿನ ತುಂಡೊಂದು ಎಳೆದುಕೊಂಡರು.

ಮೇಲೆ, ಒಂದೊಂದೇ ಬೆರಳು ಬಿಚ್ಚಿತು.
ತಲೆಯ ಕೆಳಗಿನ ಕೈ ತೆಗೆಯದೆ
ಇನ್ನೊಂದು ಕೈಯಲ್ಲಿ ಮೊಣಕಾಲು ಮೆಲ್ಲ ಮಡಚಿದೆ.
ಒಲ್ಲೆನೆಂದಿತು. ಬಿಟ್ಟೆ.
ತನಗೆ ಬೇಕಾದ ಹಾಗೆ ತಾನೇ ಮಡಚಿಕೊಂಡಿತು.
ಬುಟ್ಟಿ ಬೇಡ, ಮೊಲದ ಕಿವಿಯ ಟೋಪಿ ಬೇಡ,
ಹರಡಿದ ಕಾಡಿಗೆಯೂ ಹಾಗೇ ಇರಲಿ.
ಒಮ್ಮೆ ನಿದ್ದೆಯಲ್ಲೇ ನಕ್ಕಿತು.
ಕ್ಯಾಮೆರಾಕ್ಕೆ ಸಿಗಲಿಲ್ಲ, ಅಜ್ಜಿಗೆ ಸಿಕ್ಕಿತು.
"ದೇವರು ಆಡಿಸ್ತಿದಾನೆ" ಅಂದಳು,
ಬಂದಾಗಿನಿಂದ ಮೊದಲ ಸಲ ಗೊಣಗದೆ.

ಹಿಂದೆ ತಿರುಗಿದರೆ ಕುಸುಮಾಕ್ಷಿಯೂ
ಗೋಡೆಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು.
ಬಲಗಾಲು ಮಾತ್ರ ಒತ್ತುತ್ತಿತ್ತು, ಬಿಡುತ್ತಿತ್ತು,
ಅಲ್ಲಿಲ್ಲದ ಪೆಡಲು.
ಅದನ್ನೂ ಒಂದು ತೆಗೆದುಕೊಂಡೆ,
ಲೈನಿನವರಿಗೆಂದು.

ಹೊರಡುವಾಗ ಮಾಸ್ಟ್ರು ಮೆಟ್ಟಿಲ ಬಳಿ ನಿಂತಿದ್ದರು.
ಕೈಯಲ್ಲಿ ಆ ತುಂಡು, ಅದರ ತುಂಬ
ಸಾಲು ಸಾಲು ಹೊಲಿಗೆ,
ಜೇಬಲ್ಲ, ಅಂಚಲ್ಲ, ಕಾಜವಲ್ಲ.
"ಇದನ್ನ ಏನಂತ ಬಿಲ್ಲು ಹಾಕ್ಲಿ?"
ಕುಸುಮಾಕ್ಷಿ ಅದನ್ನು ಬೆಳಕಿಗೆ ಹಿಡಿದು
ತಿರುಗಿಸಿ, ಉಗುರಿನಲ್ಲಿ ಎಳೆ ಎಳೆದು ಪರೀಕ್ಷಿಸಿ,
"ಹೊಲಿಗೆ ನೇರ ಇದೆ" ಎಂದಳು,
ಮಡಿಸಿ ಕೂಸಿನ ಬ್ಯಾಗಿಗೆ ಹಾಕಿಕೊಂಡಳು.